ತಿರುವಿನಲ್ಲಿ ವಾಲುವ ಎಸ್‌ಯುವಿ: ದಪ್ಪ ಸ್ವೇ ಬಾರ್ ಮುಂದಕ್ಕೋ, ಹಿಂದಕ್ಕೋ, ಎರಡಕ್ಕೂ ಬೇಕೋ?

ಪ್ರಶ್ನೆ ಕೇಳಿದವರು: ಏಳು ಸೀಟಿನವ

ಎಲ್ಲರಿಗೂ ನಮಸ್ಕಾರ. ನನ್ನದು ಲ್ಯಾಡರ್ ಚಾಸಿಯ (ಏಣಿಯಾಕಾರದ ಉಕ್ಕಿನ ಚೌಕಟ್ಟಿನ) ಮೇಲೆ ಕಟ್ಟಿದ ಏಳು ಸೀಟಿನ ಎಸ್‌ಯುವಿ. ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಕಾಯಿಲ್ (ಸುರುಳಿ) ಸ್ಪ್ರಿಂಗಿನ ಮೇಲೆ ಕುಳಿತಿರುವ, ಎರಡೂ ಚಕ್ರಗಳನ್ನು ಒಂದೇ ದಂಡದಲ್ಲಿ ಸೇರಿಸುವ ಗಟ್ಟಿ ಆಕ್ಸಲ್. ಈವರೆಗೆ 1,10,000 ಕಿಲೋಮೀಟರ್ ಓಡಿದೆ. ಎರಡು ವರ್ಷದ ಹಿಂದೆ ಗಾಡಿಯನ್ನು 50 ಮಿಲಿಮೀಟರ್ ಎತ್ತರಿಸುವ ಸ್ಪ್ರಿಂಗ್‌ಗಳನ್ನೂ ಅವುಗಳಿಗೆ ಹೊಂದುವ ಶಾಕ್ ಅಬ್ಸಾರ್ಬರ್‌ಗಳನ್ನೂ ಹಾಕಿಸಿದ್ದೇನೆ. ಛಾವಣಿಯ ಮೇಲೆ ಕ್ಯಾರಿಯರ್ ಇದೆ. ದೂರ ಹೊರಟಾಗ ಅದರ ಮೇಲೆ ಸುಮಾರು 60 ಕಿಲೋ ಸಾಮಾನು ಏರುತ್ತದೆ.

ನೇರ ರಸ್ತೆಯಲ್ಲಿ ಯಾವ ದೂರೂ ಇಲ್ಲ. ಆದರೆ ಬೆಟ್ಟದ ರಸ್ತೆಯಲ್ಲಿ ಒಂದರ ಹಿಂದೆ ಒಂದು ತಿರುವು ಬಂದಾಗ ಗಾಡಿ ಹೊರಗಿನ ಬದಿಗೆ ಎಷ್ಟು ವಾಲುತ್ತದೆಂದರೆ, ಮೂರನೆಯ ಸಾಲಿನಲ್ಲಿ ಕುಳಿತ ಮಕ್ಕಳು ಕಿಟಕಿಯ ಕಂಬಿ ಹಿಡಿದೇ ಕೂರಬೇಕು. ಬಲಕ್ಕೆ ತಿರುಗಿಸಿ ತಕ್ಷಣ ಎಡಕ್ಕೆ ತಿರುಗಿಸುವಾಗ ದೇಹವೊಂದು ಕಡೆಗೆ, ಚಕ್ರಗಳೊಂದು ಕಡೆಗೆ ಹೋದಂತೆ ಅನ್ನಿಸುತ್ತದೆ. ಸ್ವಲ್ಪ ವೇಗವಾಗಿ ಹೊಕ್ಕರೆ ಸ್ಟಿಯರಿಂಗ್ ತಿರುಗಿಸಿದಷ್ಟು ಮೂತಿ ತಿರುಗದೆ ಹೊರಕ್ಕೆ ಜಾರುತ್ತದೆ.

ಬಿಡಿಭಾಗ ಮಾರುವವರೊಬ್ಬರು ಮುಂದಿನ ಸ್ವೇ ಬಾರನ್ನು (ಎಡ ಬಲ ಚಕ್ರಗಳ ನಡುವೆ ಕೂತು ಗಾಡಿ ವಾಲುವುದನ್ನು ತಡೆಯುವ ಉಕ್ಕಿನ ಸರಳನ್ನು) ದಪ್ಪದ್ದಕ್ಕೆ ಬದಲಿಸಿದರೆ ಸಾಕು ಎಂದಿದ್ದಾರೆ. ನಾನು ಅಳೆದ ಪ್ರಕಾರ ಈಗಿರುವ ಮುಂದಿನ ಬಾರ್ 30 ಮಿಲಿಮೀಟರ್, ಹಿಂದಿನದು 22 ಮಿಲಿಮೀಟರ್. ಬದಲಿಗೆ ಸಿಗುವುದು ಮುಂದಕ್ಕೆ 33, ಹಿಂದಕ್ಕೆ 25. ಮೂರು ಮಿಲಿಮೀಟರಿನಿಂದ ಅಂಥ ವ್ಯತ್ಯಾಸವಾದರೂ ಏನು ಆದೀತು ಎಂಬುದು ನನ್ನ ಮೊದಲ ಸಂದೇಹ. ಆಗುವುದಾದರೆ ಮುಂದಿನದನ್ನು ಮಾತ್ರ ಬದಲಿಸಬೇಕೇ, ಹಿಂದಿನದನ್ನೇ, ಅಥವಾ ಎರಡನ್ನೂ ಒಟ್ಟಿಗೆ ಬದಲಿಸಬೇಕೇ? ವರ್ಷಕ್ಕೆ ನಾಲ್ಕೈದು ಸಲ ಕಲ್ಲುಬಂಡೆಯ ಕಚ್ಚಾ ದಾರಿಗೂ ಹೋಗುತ್ತೇನೆ; ಅಲ್ಲಿ ದಪ್ಪ ಬಾರ್ ತೊಂದರೆ ಕೊಡುತ್ತದೆಯೇ?

ಇನ್ನೊಂದು ಮಾತು, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು. ಹಾಳು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಹಿಂಬದಿಯಿಂದ ಟಕ್ ಟಕ್ ಎಂಬ ಸದ್ದು ಬರುತ್ತದೆ. ಸ್ಪ್ರಿಂಗ್ ಬದಲಿಸಿದ್ದರಿಂದ ಹಾಗಾಗುತ್ತಿರಬಹುದು ಎಂದು ಸುಮ್ಮನಿದ್ದೇನೆ.

ಉತ್ತರ 1: ವರ್ನಿಯರ್ ಕ್ಯಾಲಿಪರ್

ನಿಮ್ಮ ಪ್ರಶ್ನೆಗೆ ಉತ್ತರ ನೀವು ಕೊನೆಯಲ್ಲಿ ಹಾಗೇ ಸೇರಿಸಿದ ಆ ಟಕ್ ಟಕ್ ಸದ್ದಿನಲ್ಲಿಯೇ ಇರಬಹುದು ಎಂದು ನನ್ನ ಅನುಮಾನ. ಹೊಸ ಬಾರ್ ಕೊಳ್ಳುವ ಮೊದಲು ಗಾಡಿಯ ಕೆಳಗೆ ತೂರಿ ಹಿಂದಿನ ಬಾರಿನ ಎರಡೂ ತುದಿಯನ್ನು ಆಕ್ಸಲ್‌ಗೆ ಜೋಡಿಸುವ ಗಿಡ್ಡ ಕಡ್ಡಿಗಳನ್ನು, ಅಂದರೆ ಲಿಂಕ್‌ಗಳನ್ನು, ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಗಳಿಗೆ ಕಲ್ಲು ಕೊಟ್ಟಿರಲಿ. ಲಿಂಕಿನ ಬಾಲ್ ಜಾಯಿಂಟ್ (ಗುಂಡು ಕೂತು ತಿರುಗುವ ಕೀಲು) ಸವೆದಿದ್ದರೆ ಅದು ಕೈಯಲ್ಲೇ ಕಟಕಟ ಎನ್ನುತ್ತದೆ. ಪೂರ್ತಿ ಕಡಿದುಹೋಗಿದ್ದರೆ ಕಣ್ಣಿಗೇ ಕಾಣಿಸುತ್ತದೆ.

ಒಂದು ಬದಿಯ ಲಿಂಕ್ ಕಡಿದರೆ ಬಾರ್ ಅರ್ಧ ಕೆಲಸವಾದರೂ ಮಾಡುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಹಾಗಿಲ್ಲ, ಅದು ಏನೂ ಮಾಡುವುದಿಲ್ಲ. ಏಕೆಂದರೆ ಸ್ವೇ ಬಾರ್ ಎಂಬುದು ಅಗಲಕ್ಕೆ ಮಲಗಿಸಿದ, ಎರಡೂ ತುದಿ ಬಾಗಿದ ಒಂದು ಉಕ್ಕಿನ ಸರಳು. ಒಂದು ತುದಿಯನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಎಳೆದಾಗ ಮಾತ್ರ ಅದು ತಿರುಚಿಕೊಂಡು ಎದುರು ಬಲ ಕೊಡುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಒಂದು ಉಬ್ಬನ್ನು ಹತ್ತಿದರೆ ಅದು ತನ್ನನ್ನು ಚಾಸಿಗೆ ಹಿಡಿದಿರುವ ಬುಷ್‌ಗಳೊಳಗೆ (ರಬ್ಬರಿನಂಥ ಬಳೆಗಳೊಳಗೆ) ಸುಮ್ಮನೆ ಹೊರಳಿಕೊಳ್ಳುತ್ತದೆ. ಒಂದು ತುದಿ ಸಡಿಲವಾದರೆ ತಿರುಚುವುದಕ್ಕೆ ಆಧಾರವೇ ಇರದೆ ಯಾವಾಗಲೂ ಹಾಗೆ ಹೊರಳುತ್ತಲೇ ಇರುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಒಂದು ಕೊನೆಯನ್ನು ಹಿಡಿಯುವವರೇ ಇಲ್ಲದಿದ್ದರೆ ಹೇಗೋ ಹಾಗೆ.

ಇನ್ನು ಮೂರು ಮಿಲಿಮೀಟರಿನ ಮಾತು. ತುಂಬುಸರಳಿನ (ಒಳಗೆ ಪೊಳ್ಳಿಲ್ಲದ ಸರಳಿನ) ತಿರುಚು ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದ 30ರಿಂದ 33ಕ್ಕೆ ಹೋದರೆ ಬಾರಿನ ಬಿಗಿ ಸುಮಾರು ಶೇ. 46ರಷ್ಟು, 22ರಿಂದ 25ಕ್ಕೆ ಹೋದರೆ ಸುಮಾರು ಶೇ. 67ರಷ್ಟು ಹೆಚ್ಚುತ್ತದೆ. ಮೂರು ಮಿಲಿಮೀಟರ್ ಕಡಿಮೆಯೇನಲ್ಲ. ಆದರೆ ಬಾರ್ ಶೇ. 67ರಷ್ಟು ಬಿಗಿಯಾಯಿತೆಂದರೆ ವಾಲುವುದು ಅಷ್ಟೇ ತಗ್ಗಿತು ಎಂದು ಲೆಕ್ಕ ಹಾಕಬೇಡಿ. ವಾಲುವಿಕೆಯನ್ನು ತಡೆಯುವುದರಲ್ಲಿ ಸ್ಪ್ರಿಂಗ್‌ಗಳದ್ದೂ ಪಾಲಿದೆ, ಮುಂದಿನ ಬಾರಿನದ್ದೂ ಪಾಲಿದೆ. ಹಿಂದಿನ ಬಾರ್ ಆ ಮೊತ್ತದ ಒಂದು ತುಂಡು ಮಾತ್ರ. ನಿಮ್ಮಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ಆ ತುಂಡು ಸ್ವಲ್ಪ ದೊಡ್ಡದೇ ಇರುತ್ತದೆ ಎನ್ನಿ. ಸ್ಪ್ರಿಂಗ್‌ಗಳು ಚಕ್ರಗಳಿಗಿಂತ ಬಹಳ ಒಳಗೆ ಕುಳಿತಿರುವುದೇ ಅದಕ್ಕೆ ಕಾರಣ. ಚಕ್ರಗಳ ನಡುವೆ 1.6 ಮೀಟರ್, ಸ್ಪ್ರಿಂಗ್‌ಗಳ ನಡುವೆ 1 ಮೀಟರ್ ಇದೆ ಎಂದುಕೊಂಡರೆ, ಅವೇ ಸ್ಪ್ರಿಂಗ್‌ಗಳನ್ನು ಚಕ್ರದ ನೇರಕ್ಕೆ ಇಟ್ಟಿದ್ದರೆ ವಾಲುವಿಕೆಗೆ ಎಷ್ಟು ತಡೆ ಸಿಗುತ್ತಿತ್ತೋ ಅದರ ಶೇ. 39ರಷ್ಟು ಮಾತ್ರ ಸಿಗುತ್ತದೆ. ಉಳಿದ ಕೊರತೆಯನ್ನು ತುಂಬಲೆಂದೇ ತಯಾರಕರು ಅಲ್ಲೊಂದು ಬಾರ್ ಕೂರಿಸುತ್ತಾರೆ.

ಈಗ ಮುಂದಕ್ಕೋ ಹಿಂದಕ್ಕೋ ಎಂಬ ನಿಜವಾದ ಪ್ರಶ್ನೆಗೆ ಬರುತ್ತೇನೆ. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ವರ್ಗವಾಗುವ ಒಟ್ಟು ಭಾರವನ್ನು ಸ್ವೇ ಬಾರ್ ಕಡಿಮೆ ಮಾಡುವುದಿಲ್ಲ. ಅದನ್ನು ನಿರ್ಧರಿಸುವುದು ಗಾಡಿಯ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ಬಿರುಸು. 2,200 ಕಿಲೋ ತೂಕದ, 75 ಸೆಂಟಿಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರವಿರುವ, 1.6 ಮೀಟರ್ ಅಗಲದ ಗಾಡಿಯೊಂದು 50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಹಾಯುವಾಗ ಅಡ್ಡ ಬಲ ಸುಮಾರು ಅರ್ಧ ಜಿ, ಅಂದರೆ ಗಾಡಿಯ ತೂಕದ ಅರ್ಧದಷ್ಟು, ಇರುತ್ತದೆ. ಆಗ ಸುಮಾರು 515 ಕಿಲೋ ಭಾರ ಒಳಗಿನಿಂದ ಹೊರಕ್ಕೆ ಸರಿದು, ಹೊರಬದಿಯ ಎರಡು ಚಕ್ರಗಳು 1,615 ಕಿಲೋ ಹೊತ್ತರೆ ಒಳಬದಿಯವು 585 ಕಿಲೋ ಹೊರುತ್ತವೆ. ಜಗತ್ತಿನ ಯಾವ ಬಾರ್ ಹಾಕಿದರೂ ಈ ಮೊತ್ತ ಹೆಚ್ಚುಕಡಿಮೆ ಇಷ್ಟೇ. ಆ 515 ಕಿಲೋದಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಮಾತ್ರ ಬಾರ್ ಹಂಚುತ್ತದೆ. ಯಾವ ಕಡೆ ಬಿಗಿ ಹೆಚ್ಚೋ ಆ ಕಡೆ ಹೆಚ್ಚು ಪಾಲು.

ಭಾರ ಎರಡರಷ್ಟಾದರೆ ಟೈರಿನ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಏರುತ್ತದೆ. ಹೀಗಾಗಿ ಒಂದು ಜೋಡಿಯಲ್ಲಿ ಹೊರಗಿನ ಟೈರಿಗೆ ವಿಪರೀತ ಹೊರಿಸಿ ಒಳಗಿನದನ್ನು ಹಗುರಗೊಳಿಸಿದರೆ ಆ ಜೋಡಿಯ ಒಟ್ಟು ಹಿಡಿತ ತಗ್ಗುತ್ತದೆ. ಮುಂದಿನ ಬಾರನ್ನು ಮಾತ್ರ ದಪ್ಪ ಮಾಡಿದರೆ ಗಾಡಿ ಕಡಿಮೆ ವಾಲುತ್ತದೆ, ನಿಜ. ಆದರೆ ಮುಂದಿನ ಹಿಡಿತ ಮೊದಲು ಸೋತು ಮೂತಿ ಇನ್ನಷ್ಟು ಹೊರಕ್ಕೆ ಜಾರುತ್ತದೆ. ನಿಮ್ಮ ದೂರಿನಲ್ಲಿ ಅರ್ಧ ಭಾಗ ಈಗಾಗಲೇ ಅದೇ ಆಗಿರುವುದರಿಂದ, ಮಾರುವವರು ಕೊಟ್ಟ ಸಲಹೆ ನಿಮಗೆ ಹೊಂದುವುದಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಹಿಂದಿನದನ್ನು ಬಿಗಿ ಮಾಡಿದರೆ ವಾಲುವುದೂ ತಗ್ಗುತ್ತದೆ, ಮೂತಿಯೂ ಮಾತು ಕೇಳುತ್ತದೆ. ಅದು ಅತಿಯಾದರೆ ಹಿಂಬದಿ ಜಾರಲು ನೋಡುತ್ತದೆ, ಎತ್ತರದ ಗಾಡಿಯಲ್ಲಿ ಅದು ಮೂತಿ ಜಾರುವುದಕ್ಕಿಂತ ಕೆಟ್ಟದ್ದು. ಆದ್ದರಿಂದ ಒಂದು ಹೆಜ್ಜೆಯಷ್ಟು ಮಾತ್ರ ಏರಿಸಿ. 22ರಿಂದ 25 ಒಂದು ಹೆಜ್ಜೆಯೇ. 22ರಿಂದ 28ಕ್ಕೆ ಜಿಗಿಯಿರಿ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ.

ಮತ್ತೊಂದನ್ನೂ ಗಮನಿಸಿ. ವಾಲುವುದು ಕಡಿಮೆಯಾಯಿತೆಂಬ ಮಾತ್ರಕ್ಕೆ ಗಾಡಿ ಮಗುಚುವ ಅಪಾಯ ಕಡಿಮೆಯಾಗಿಲ್ಲ. ಮಗುಚುವ ಮಿತಿಯನ್ನು ಬಹುಪಾಲು ಅಗಲ ಮತ್ತು ಎತ್ತರಗಳೇ ತೀರ್ಮಾನಿಸುತ್ತವೆ. ಛಾವಣಿಯ ಮೇಲೆ 1.9 ಮೀಟರ್ ಎತ್ತರದಲ್ಲಿ ನೀವಿಡುವ 60 ಕಿಲೋ ಸಾಮಾನು ಇಡೀ ಗಾಡಿಯ ಗುರುತ್ವ ಕೇಂದ್ರವನ್ನು ಸುಮಾರು 3 ಸೆಂಟಿಮೀಟರ್ ಮೇಲಕ್ಕೆ ಎತ್ತುತ್ತದೆ. ಎತ್ತರಿಸುವ ಸ್ಪ್ರಿಂಗ್‌ಗಳ 5 ಸೆಂಟಿಮೀಟರ್ ಅದಕ್ಕೆ ಸೇರುತ್ತದೆ. ಬಾರ್ ದಪ್ಪವಾದ ಮೇಲೆ ಗಾಡಿ ವಾಲಿ ಕೊಡುತ್ತಿದ್ದ ಎಚ್ಚರಿಕೆ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಡಿ. ಭಾರದ ಸಾಮಾನನ್ನು ಒಳಗೆ ನೆಲಮಟ್ಟದಲ್ಲಿಟ್ಟು, ಹಾಸಿಗೆ ಡೇರೆಗಳಂಥ ಹಗುರವಾದವನ್ನು ಮೇಲೆ ಹಾಕಿ. ಅದಕ್ಕೆ ಖರ್ಚೂ ಇಲ್ಲ.

ಉತ್ತರ 2: ಹೊರೆಗಾರ ಪಿಕಪ್

ಮೇಲಿನವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದೇನೂ ಇಲ್ಲ. ನನ್ನದು ಪಿಕಪ್ ಟ್ರಕ್ ಆದುದರಿಂದ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಕಟ್ಟು) ಇರುವವರಿಗೆ ಉಪಯೋಗವಾಗಲೆಂದು ನನ್ನ ಅನುಭವವನ್ನು ಬರೆಯುತ್ತೇನೆ.

ಲೀಫ್ ಸ್ಪ್ರಿಂಗಿನ ಎಷ್ಟೋ ಪಿಕಪ್‌ಗಳು ಕಾರ್ಖಾನೆಯಿಂದ ಹೊರಬರುವಾಗ ಹಿಂದೆ ಸ್ವೇ ಬಾರ್ ಇರುವುದೇ ಇಲ್ಲ. ಪಟ್ಟಿಗಳ ಕಟ್ಟು ತಾನೇ ಸ್ವಲ್ಪ ಮಟ್ಟಿಗೆ ತಿರುಚನ್ನು ತಡೆಯುತ್ತದೆ. ಖಾಲಿ ಓಡುವವರಿಗೆ ಅಷ್ಟು ಸಾಕು. ನಾನು ಹಿಂದಿನ ತೊಟ್ಟಿಯ ಮೇಲೆ ಸುಮಾರು 700 ಕಿಲೋ ತೂಕದ ಕ್ಯಾಂಪರ್ ಮನೆಯೊಂದನ್ನು ಕೂರಿಸಿದೆ. ಅಂದಿನಿಂದ ಗಾಡಿ ಹಿಂದೆ ಕುಸಿಯಿತು, ಪಕ್ಕಕ್ಕೂ ತೂಗಿತು. ಎದುರಿನಿಂದ ದೊಡ್ಡ ಲಾರಿ ಹಾದುಹೋದರೆ ಅದರ ಗಾಳಿಗೆ ಒಮ್ಮೆ ಅತ್ತ, ಒಮ್ಮೆ ಇತ್ತ ಆಡಿ ನಿಲ್ಲುತ್ತಿತ್ತು.

ಕುಸಿತಕ್ಕೆಂದು ಹಿಂದಿನ ಆಕ್ಸಲ್ ಮೇಲೆ ಗಾಳಿಚೀಲಗಳನ್ನು ಹಾಕಿಸಿದೆ. ಹಾಕಿದವರು ಎರಡೂ ಚೀಲಗಳ ಗಾಳಿಕೊಳವೆಗಳನ್ನು ಒಂದು ಟೀ ಜೋಡಣೆಯಿಂದ ಸೇರಿಸಿ, ಒಂದೇ ಕಡೆ ಗಾಳಿ ತುಂಬಿದರೆ ಸಾಕು, ನಿಮಗೆ ಅನುಕೂಲ ಎಂದರು. ಎತ್ತರವೇನೋ ಸರಿಯಾಯಿತು. ಆದರೆ ಮೊದಲ ತಿರುವಿನಲ್ಲೇ ಗಾಡಿ ಮೊದಲಿಗಿಂತ ಹೆಚ್ಚು ವಾಲಿತು! ಹೊರಬದಿಯ ಚೀಲ ಅದುಮಿದೊಡನೆ ಅದರ ಗಾಳಿ ಕೊಳವೆಯೊಳಗಿಂದ ಹಾದು ಒಳಬದಿಯ ಚೀಲಕ್ಕೆ ಹೋಗಿ, ತಗ್ಗಬೇಕಾದ ಬದಿಯನ್ನು ಎತ್ತುತ್ತಿತ್ತು. ಎರಡು ಬೇರೆ ಕೊಳವೆ, ಎರಡು ಬೇರೆ ವಾಲ್ವ್ ಹಾಕಿಸಿಕೊಂಡ ಮೇಲೆ ಆ ತೊಂದರೆ ಹೋಯಿತು. ಗಾಳಿಚೀಲ ಇರುವವರು ಬಾರ್ ಬಗ್ಗೆ ಯೋಚಿಸುವ ಮೊದಲು ಆ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಒಮ್ಮೆ ಬೆರಳಿಟ್ಟು ನೋಡಬೇಕು.

ಆಮೇಲೆ ಹಾಕಿಸಿದ ಹಿಂದಿನ ಸ್ವೇ ಬಾರಿನಿಂದ ಆದ ಬದಲಾವಣೆ ನಿಜಕ್ಕೂ ದೊಡ್ಡದು. ಲಾರಿ ಹಾದುಹೋದಾಗ ಈಗ ಒಂದು ಸಲ ನೂಕಿದಂತಾಗುತ್ತದೆ, ಅಷ್ಟೇ. ನಾನು ಕೊಂಡ ಬಾರಿನ ತುದಿಯಲ್ಲಿ ಲಿಂಕ್ ಸಿಕ್ಕಿಸಲು ಮೂರು ತೂತುಗಳಿವೆ. ಬಾರಿನ ನಡುಭಾಗಕ್ಕೆ ಹತ್ತಿರದ ತೂತಿಗೆ ಸಿಕ್ಕಿಸಿದರೆ ತೋಳು ಗಿಡ್ಡವಾಗಿ ಬಿಗಿ ಹೆಚ್ಚುತ್ತದೆ, ತುದಿಯ ತೂತಿಗೆ ಹಾಕಿದರೆ ಮೆತ್ತಗಾಗುತ್ತದೆ. ಕ್ಯಾಂಪರ್ ಇಳಿಸಿದ ದಿನ ಲಿಂಕನ್ನು ತುದಿಯ ತೂತಿಗೆ ಬದಲಿಸುತ್ತೇನೆ. ಮೊದಲ ವರ್ಷ ಸೋಮಾರಿತನದಿಂದ ಹಾಗೆಯೇ ಬಿಟ್ಟಿದ್ದೆ. ಖಾಲಿ ತೊಟ್ಟಿ, ಬಿಗಿಯಾದ ಹಿಂದಿನ ಬಾರ್, ಮಳೆ ಬಿದ್ದ ರಸ್ತೆ, ಈ ಮೂರೂ ಕೂಡಿದ ದಿನ ತಿರುವಿನಿಂದ ಹೊರಬರುತ್ತ ಆಕ್ಸಲರೇಟರ್ ಒತ್ತಿದಾಗ ಒಳಗಿನ ಹಿಂಚಕ್ರ ಹಗುರಾಗಿ ಗಿರ್ರನೆ ತಿರುಗಿ, ಹಿಂಬದಿ ಒಂದು ಅಡಿ ಪಕ್ಕಕ್ಕೆ ಜಾರಿತು. ಎದುರು ಯಾರೂ ಇರಲಿಲ್ಲ.

ಟ್ರೈಲರ್ ಎಳೆಯುವವರಿಗೆ ಒಂದು ಮಾತು. ಟ್ರೈಲರ್ ಹಾವಿನಂತೆ ಹೊಯ್ದಾಡುವುದನ್ನು ತಡೆಯಲು ಕೊಕ್ಕೆಯ ಬಳಿ ಹಾಕುವ ಸಾಧನವನ್ನೂ ಕೆಲವರು ಸ್ವೇ ಬಾರ್ ಎಂದೇ ಕರೆಯುತ್ತಾರೆ. ಅದು ಬೇರೆ, ಇದು ಬೇರೆ. ಟ್ರೈಲರ್ ಹೊಯ್ದಾಡುತ್ತಿದ್ದರೆ ಮೊದಲು ಕೊಕ್ಕೆಯ ಮೇಲೆ ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಬೀಳುತ್ತಿದೆಯೇ ನೋಡಬೇಕು. ಎಳೆಯುವ ಗಾಡಿಗೆ ದಪ್ಪ ಬಾರ್ ಹಾಕಿ ಆ ರೋಗ ವಾಸಿಯಾಗುವುದಿಲ್ಲ.

ಉತ್ತರ 3: ಕಲ್ಲುದಾರಿ

ಕಚ್ಚಾ ದಾರಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಹೇಳುತ್ತೇನೆ. ತೊಂದರೆ ಕೊಡುತ್ತದೆ. ಎಡಚಕ್ರ ಬಂಡೆ ಹತ್ತಿ ಬಲಚಕ್ರ ಗುಂಡಿಗೆ ಇಳಿಯಬೇಕಾದಾಗ ಸ್ವೇ ಬಾರ್ ಎರಡನ್ನೂ ಒಂದೇ ಮಟ್ಟಕ್ಕೆ ಎಳೆಯಲು ನೋಡುತ್ತದೆ. ಅದರ ಹುಟ್ಟುಗುಣವೇ ಅದು. ಗುಂಡಿಗೆ ಇಳಿಯಬೇಕಾದ ಚಕ್ರ ಗಾಳಿಯಲ್ಲಿ ತೂಗಿ, ಲಾಕ್ ಇಲ್ಲದ ಡಿಫರೆನ್ಶಿಯಲ್ (ಎರಡೂ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಗಿಯರ್‌ಗಳ ಜೋಡಣೆ) ಆ ಚಕ್ರವನ್ನೇ ಗಿರಗಿರ ತಿರುಗಿಸುತ್ತ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬಾರ್ ದಪ್ಪವಾದಷ್ಟೂ ಚಕ್ರ ಬೇಗ ಗಾಳಿಗೇರುತ್ತದೆ.

ತಯಾರಕರೂ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡೇ ದಾರಿ ಹುಡುಕಿದ್ದಾರೆ. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಂದಿನ ಬಾರ್ ನಡುವೆಯೇ ಎರಡಾಗಿ ಬಿಟ್ಟುಕೊಳ್ಳುತ್ತದೆ, ವೇಗ ಏರಿದರೆ ತಾನೇ ಮತ್ತೆ ಸೇರುತ್ತದೆ. ಟೊಯೋಟಾ ಲ್ಯಾಂಡ್ ಕ್ರೂಸರ್ 200ರಲ್ಲಿ ಬಂದ ಕೆಡಿಎಸ್ಎಸ್ ಎಂಬ ವ್ಯವಸ್ಥೆ ಮುಂದಿನ ಮತ್ತು ಹಿಂದಿನ ಬಾರ್‌ಗಳನ್ನು ಎಣ್ಣೆಯ ಕೊಳವೆಗಳ ಮೂಲಕ ಬೆಸೆಯುತ್ತದೆ. ಗಾಡಿ ತಿರುವಿನಲ್ಲಿ ವಾಲಿದರೆ ಬಾರ್‌ಗಳು ಬಿಗಿಯಾಗಿಯೇ ಇರುತ್ತವೆ, ಚಕ್ರಗಳು ಮೂಲೆಯಿಂದ ಮೂಲೆಗೆ ಏರಿಳಿದರೆ ಸಡಿಲಾಗುತ್ತವೆ. ಇನ್ನೂ ಹೊಸ ದುಬಾರಿ ಗಾಡಿಗಳಲ್ಲಿ, ಉದಾಹರಣೆಗೆ ಆಡಿ ಎಸ್‌ಕ್ಯೂ7ರಲ್ಲಿ, ಬಾರಿನ ನಡುವೆ 48 ವೋಲ್ಟ್ ವಿದ್ಯುತ್ತಿನ ಮೋಟಾರ್ ಕೂತು ಬೇಕಾದಾಗ ತಿರುಚುತ್ತದೆ.

ನಮ್ಮಂಥವರಿಗೆ ಇರುವ ದಾರಿ ಪಿನ್ ಎಳೆದು ಬಿಡಿಸುವಂಥ ಲಿಂಕ್. ಕಚ್ಚಾ ದಾರಿಯ ಬಾಯಲ್ಲಿ ನಿಲ್ಲಿಸಿ, ಎರಡೂ ಬದಿಯ ಪಿನ್ ತೆಗೆದು, ಬಾರಿನ ತುದಿಗಳನ್ನು ಮೇಲಕ್ಕೆ ಎತ್ತಿ ಕಟ್ಟಬೇಕು. ಕಟ್ಟದೆ ಬಿಟ್ಟರೆ ಅದು ಇಳಿಬಿದ್ದು ಟೈರಿಗೋ ಬ್ರೇಕಿನ ಹೋಸಿಗೋ ತಾಗುತ್ತದೆ. ವಾಪಸ್ ಜೋಡಿಸುವಾಗ ಒಂದು ಬದಿ ಸುಲಭವಾಗಿ ಕೂರುತ್ತದೆ. ಇನ್ನೊಂದು ಬದಿ ಅರ್ಧ ಬೆರಳು ತಪ್ಪಿರುತ್ತದೆ. ಜೊತೆಗಿರುವವರನ್ನು ಆ ಬದಿಯ ಫುಟ್‌ಬೋರ್ಡಿನ ಮೇಲೆ ಹತ್ತಿಸಿ ಮೆಲ್ಲಗೆ ತೂಗಿಸಿದರೆ ತೂತುಗಳು ಕೂಡುವ ಕ್ಷಣಕ್ಕೆ ಪಿನ್ ತೂರಿಸಬಹುದು. ಬಿಡಿಸಿದ ಸ್ಥಿತಿಯಲ್ಲಿ ಡಾಂಬರು ರಸ್ತೆಗೆ ಬರಲೇಬೇಡಿ.

ನಿಮಗೆ ಇನ್ನೊಂದು ಸೂಚನೆ. ಗಾಡಿಯನ್ನು 50 ಮಿಲಿಮೀಟರ್ ಎತ್ತರಿಸಿದಾಗ ಲಿಂಕ್‌ಗಳನ್ನೂ ಉದ್ದದವಕ್ಕೆ ಬದಲಿಸಿದ್ದಾರೆಯೇ? ಬದಲಿಸದಿದ್ದರೆ ಬಾರಿನ ತೋಳು ಸೊಟ್ಟಗೆ ಎಳೆದುಕೊಂಡು, ಲಿಂಕಿನ ಬಾಲ್ ಜಾಯಿಂಟ್ ತನ್ನ ತಿರುಗುವ ಮಿತಿಯ ಕೊನೆಯಲ್ಲೇ ಸದಾ ನಿಂತಿರುತ್ತದೆ. ಅಲ್ಲಿಂದ ಅದು ಮುರಿಯಲು ಒಂದು ಒಳ್ಳೆಯ ಗುಂಡಿ ಸಾಕು.

ಉತ್ತರ 4: ಗಾಳಿ ಅಳೆಯುವವ

ಎಲ್ಲರೂ ಕಬ್ಬಿಣದ ಬಗ್ಗೆಯೇ ಬರೆಯುತ್ತಿದ್ದೀರಿ. ಟೈರಿನ ಗಾಳಿಯನ್ನೂ ನೋಡಿ ಎನ್ನುವುದಷ್ಟೇ ನನ್ನ ವಿನಂತಿ. ಕಚ್ಚಾ ದಾರಿಗೆಂದು ಇಳಿಸಿದ ಗಾಳಿಯನ್ನು ವಾಪಸ್ ತುಂಬದೆ ಬೆಟ್ಟದ ರಸ್ತೆಗೆ ಹೋಗುವವರನ್ನು ಬಹಳ ಕಂಡಿದ್ದೇನೆ. ಎತ್ತರದ ಪಕ್ಕೆಯ ಟೈರ್ ಮಡಚಿಕೊಂಡರೆ ಅದೂ ವಾಲಿದಂತೆಯೇ ಅನ್ನಿಸುತ್ತದೆ. ಶಾಕ್ ಅಬ್ಸಾರ್ಬರ್ ಸೋತಿದ್ದರೂ ಹಾಗೆಯೇ. ಅದು ಗಾಡಿ ಎಷ್ಟು ವಾಲುತ್ತದೆ ಎಂಬುದನ್ನು ಬದಲಿಸುವುದಿಲ್ಲ, ಎಷ್ಟು ಬೇಗ ವಾಲುತ್ತದೆ ಎಂಬುದನ್ನು ಬದಲಿಸುತ್ತದೆ. ಬಲದಿಂದ ಎಡಕ್ಕೆ ಹೊರಳುವಾಗಿನ ಆ ದೇಹವೊಂದು ಕಡೆ, ಚಕ್ರವೊಂದು ಕಡೆ ಎಂಬ ಅನುಭವದಲ್ಲಿ ಅದರ ಪಾಲೂ ಇರಬಹುದು.

ಮರಳಿ ಬರೆದವರು: ಏಳು ಸೀಟಿನವ

ಎಲ್ಲರಿಗೂ ಕೃತಜ್ಞತೆಗಳು. ವರ್ನಿಯರ್ ಕ್ಯಾಲಿಪರ್ ಅವರ ಅನುಮಾನ ಸರಿಯಾಗಿತ್ತು, ಕಲ್ಲುದಾರಿಯವರು ಹೇಳಿದ್ದೇ ಅದಕ್ಕೆ ಕಾರಣವಾಗಿತ್ತು.

ಭಾನುವಾರ ಕೆಳಗೆ ತೂರಿ ನೋಡಿದೆ. ಹಿಂದಿನ ಎಡಬದಿಯ ಲಿಂಕ್ ಹೊರನೋಟಕ್ಕೆ ಸರಿಯಾಗಿಯೇ ಇತ್ತು, ಕೆಸರು ಒಣಗಿ ಕವಚದಂತೆ ಅಂಟಿತ್ತು. ಕೈ ಹಾಕಿ ಎಳೆದರೆ ಮೇಲಿನ ಬಾಲ್ ಜಾಯಿಂಟಿನ ರಬ್ಬರ್ ಟೋಪಿಯೊಳಗಿಂದ ಲಿಂಕ್ ಹಾಗೆಯೇ ಕೈಗೆ ಬಂತು. ಗುಂಡಿನ ಕುತ್ತಿಗೆ ಮುರಿದು, ಮುರಿದ ಮುಖದ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿತ್ತು, ಕಾಲು ಭಾಗ ಇನ್ನೂ ಹೊಳೆಯುತ್ತಿತ್ತು. ಬಹಳ ದಿನ ಬಿರುಕು ಬಿಟ್ಟುಕೊಂಡಿದ್ದು ಈಚೆಗೆ ಪೂರ್ತಿ ಕಡಿದಿರಬೇಕು. ಬಲಬದಿಯದು ಮುರಿದಿರಲಿಲ್ಲ, ಆದರೆ ಕಟಕಟ ಎನ್ನುತ್ತಿತ್ತು. ಚಾಸಿಗೆ ಬಾರನ್ನು ಹಿಡಿಯುವ ಬುಷ್‌ಗಳ ತೂತು ದುಂಡಗಿರದೆ ಮೊಟ್ಟೆಯಾಕಾರವಾಗಿತ್ತು. ಎತ್ತರಿಸಿದಾಗ ಲಿಂಕ್ ಬದಲಿಸಿರಲಿಲ್ಲ ಎಂಬುದೂ ಹಳೆಯ ಬಿಲ್ ತೆಗೆದು ನೋಡಿದಾಗ ಗೊತ್ತಾಯಿತು.

ಹೊಸ ಬಾರ್ ಕೊಳ್ಳದೆ, ಮೊದಲು 50 ಮಿಲಿಮೀಟರ್ ಉದ್ದದ ಒಂದು ಜೊತೆ ಲಿಂಕ್ ಮತ್ತು ಹೊಸ ಬುಷ್‌ಗಳನ್ನು ಮಾತ್ರ ಹಾಕಿದೆ. ರಿಪೇರಿಗೆ ಮುಂಚೆ ಮತ್ತು ಆಮೇಲೆ ಖಾಲಿ ಮೈದಾನವೊಂದರಲ್ಲಿ 15 ಮೀಟರ್ ತ್ರಿಜ್ಯದ ವೃತ್ತ ಗುರುತು ಮಾಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸುತ್ತಿದೆ. ಮೊದಲು ಫೋನಿನ ಮಟ್ಟ ತೋರಿಸುವ ಆ್ಯಪ್ ಬಳಸಿದೆ; ಅದು ಇಪ್ಪತ್ತೈದು ಡಿಗ್ರಿ ಎಂದೆಲ್ಲ ತೋರಿಸಿ ನನ್ನನ್ನು ಹೆದರಿಸಿತು. ತಿರುವಿನ ಅಡ್ಡ ಬಲವೂ ಅದಕ್ಕೆ ವಾಲಿದಂತೆಯೇ ಕಾಣಿಸುತ್ತದೆ ಎಂದು ಆಮೇಲೆ ಹೊಳೆಯಿತು. ನಂತರ ತಮ್ಮನನ್ನು ನಿಲ್ಲಿಸಿ ಹಿಂದಿನಿಂದ ವೀಡಿಯೊ ತೆಗೆಸಿ, ನಿಲ್ಲಿಸಿದ ಚಿತ್ರದಲ್ಲಿ ಬಂಪರಿನ ಓರೆಯನ್ನು ಕೋನಮಾಪಕದಿಂದ ಅಳೆದೆ. ಮೊದಲು ಸುಮಾರು ನಾಲ್ಕೂವರೆ ಡಿಗ್ರಿ ಇದ್ದದ್ದು ಈಗ ಮೂರೂವರೆಯ ಹತ್ತಿರ ಇದೆ. ಟಕ್ ಟಕ್ ಸದ್ದು ನಿಂತಿದೆ, ಮೂತಿ ಜಾರುವುದೂ ಬಹಳ ತಗ್ಗಿದೆ. ಛಾವಣಿಯ ಸಾಮಾನನ್ನೂ ಒಳಗಿಳಿಸಿದ್ದೇನೆ.

ಆದರೂ ಏಳು ಜನ ಕೂತಾಗ ಇನ್ನೂ ಸ್ವಲ್ಪ ಬಿಗಿ ಬೇಕೆನ್ನಿಸುತ್ತದೆ. ಹಿಂದಿನದನ್ನು ಮಾತ್ರ 25 ಮಿಲಿಮೀಟರಿಗೆ ಬದಲಿಸಬೇಕೆಂದಿದ್ದೇನೆ, ಎರಡು ತೂತಿರುವ ಬಾರ್ ಸಿಗುತ್ತದೆ. ಕೆಲಸವನ್ನು ನಾನೇ ಮಾಡಬಹುದೇ? ಪಾಲಿಯುರೆಥೇನ್ (ಗಟ್ಟಿ ಪ್ಲಾಸ್ಟಿಕ್‌ನಂಥದು) ಬುಷ್ ಒಳ್ಳೆಯದೋ, ರಬ್ಬರಿನದೋ? ಪೊಳ್ಳು ಬಾರ್ ಹಗುರ ಎಂದು ಕೆಲವರು ಹೇಳುತ್ತಾರೆ, ಅದನ್ನು ತೆಗೆದುಕೊಳ್ಳಲೇ?

ಉತ್ತರ 5: ವರ್ನಿಯರ್ ಕ್ಯಾಲಿಪರ್

ಮೊದಲು ದುರಸ್ತಿ ಮಾಡಿ, ಅಳೆದು, ಆಮೇಲೆ ಕೇಳಿದ್ದೀರಿ. ಇಂಥ ಪ್ರಶ್ನೆಗೆ ಉತ್ತರಿಸುವುದು ಸಂತೋಷ.

ಪೊಳ್ಳು ಬಾರ್ ಮೋಸವಲ್ಲ. ಸರಳಿನ ನಡುಭಾಗದ ಲೋಹ ತಿರುಚಿಗೆ ಬಹಳ ಕಡಿಮೆ ನೆರವಾಗುತ್ತದೆ. ಹೊರವ್ಯಾಸ 32, ಒಳವ್ಯಾಸ 22 ಮಿಲಿಮೀಟರ್ ಇರುವ ಕೊಳವೆ, ಅದೇ 32ರ ತುಂಬುಸರಳಿನ ಸುಮಾರು ಶೇ. 78ರಷ್ಟು ಬಿಗಿಯನ್ನು ಕೊಡುತ್ತದೆ, ತೂಕ ಮಾತ್ರ ಶೇ. 53ರಷ್ಟು. ಆದರೆ 25ರ ಬಾರಿನಲ್ಲಿ ಉಳಿತಾಯವಾಗುವುದು ಒಂದೆರಡು ಕಿಲೋ. ನಿಮ್ಮ ಗಾಡಿಗೆ ಅದು ಲೆಕ್ಕಕ್ಕಿಲ್ಲ. ಪೊಳ್ಳಿನದನ್ನು ಕೊಳ್ಳುವುದಾದರೆ ಬರೀ ಹೊರವ್ಯಾಸ ಹೋಲಿಸಿ ಬಿಗಿ ಹೆಚ್ಚಾಯಿತೆಂದು ತಿಳಿಯಬೇಡಿ.

ಬುಷ್ ವಿಷಯದಲ್ಲಿ ನನ್ನ ಒಲವು ಪಾಲಿಯುರೆಥೇನ್ ಕಡೆಗೆ, ಆದರೆ ಷರತ್ತಿನೊಂದಿಗೆ. ಅದು ರಬ್ಬರಿಗಿಂತ ಕಡಿಮೆ ಅದುಮುವುದರಿಂದ ಬಾರ್ ಮೊದಲ ಕ್ಷಣದಿಂದಲೇ ಕೆಲಸಕ್ಕೆ ಇಳಿಯುತ್ತದೆ. ಒಳಗೆ ಗ್ರೀಸ್ ಒಣಗಿದರೆ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತದೆ. ಬುಷ್ ಜೊತೆ ಕೊಡುವ ಸಿಲಿಕೋನ್ ಗ್ರೀಸನ್ನೇ ಧಾರಾಳವಾಗಿ ಹಚ್ಚಿ. ರಬ್ಬರ್ ಬುಷ್ ಹಾಕಿದರೆ ಸಾಮಾನ್ಯ ಪೆಟ್ರೋಲಿಯಂ ಗ್ರೀಸನ್ನು ಹತ್ತಿರ ತರಬೇಡಿ, ರಬ್ಬರ್ ಉಬ್ಬಿ ಕೊಳೆಯುತ್ತದೆ. ಧೂಳು ಕೆಸರಿನಲ್ಲಿ ಹೆಚ್ಚು ಓಡಿಸುವವರು, ವರ್ಷಕ್ಕೊಮ್ಮೆ ಗ್ರೀಸ್ ಹಚ್ಚುವ ತಾಳ್ಮೆ ಇಲ್ಲದವರು ರಬ್ಬರಿನಲ್ಲೇ ಉಳಿಯುವುದು ಜಾಣತನ.

ಕೆಲಸ ನೀವೇ ಮಾಡಬಹುದು. ಹಿಂದಿನ ಎರಡೂ ಚಕ್ರಗಳು ಒಂದೇ ಮಟ್ಟದಲ್ಲಿರಬೇಕು. ಎರಡೂ ನೆಲದ ಮೇಲೆ, ಇಲ್ಲವೇ ಆಕ್ಸಲ್‌ನ ಎರಡೂ ಬದಿ ಸ್ಟ್ಯಾಂಡಿನ ಮೇಲೆ. ಒಂದೇ ಬದಿಗೆ ಜಾಕ್ ಕೊಟ್ಟು ಲಿಂಕ್ ಬಿಚ್ಚಿದರೆ ತಿರುಚಿಕೊಂಡಿರುವ ಬಾರ್ ಸಿಡಿದು ಕೈಗೆ ಬಡಿಯುತ್ತದೆ, ಬೆರಳು ಉಳಿಯುವುದು ಅದೃಷ್ಟ. ಲಿಂಕಿನ ನಟ್ ಬಿಚ್ಚುವಾಗ ಗುಂಡೂ ಜೊತೆಗೇ ಸುತ್ತುತ್ತದೆ. ಅದರ ತುದಿಯ ಆರು ಮೂಲೆಯ ಗುಳಿಗೆ ಆಲನ್ ಕೀ ಕೊಟ್ಟು ಹಿಡಿದುಕೊಂಡು, ಸ್ಪ್ಯಾನರಿನಿಂದ ನಟ್ ತಿರುಗಿಸಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ.

ಹೊಸ ಬಾರನ್ನು ಕೂರಿಸಿದ ಮೇಲೆ ಎರಡೂ ಬದಿಯ ಅಂತರ ಅಳೆದು ನಡುವಿಗೆ ತನ್ನಿ. ಎಲ್ಲ ಬೋಲ್ಟ್‌ಗಳನ್ನು ಮೊದಲು ಕೈಬಿಗಿಯಷ್ಟೇ ಇಟ್ಟು, ಗಾಡಿ ತನ್ನ ಚಕ್ರಗಳ ಮೇಲೆ ತನ್ನ ತೂಕದಲ್ಲಿ ನಿಂತ ನಂತರ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಬಾರ್ ಜೊತೆ ಬಂದ ಕಾಗದದಲ್ಲಿರುವ ಅಂಕಿಯನ್ನೇ ಅನುಸರಿಸಿ. ಶುರುವಿಗೆ ಲಿಂಕ್‌ಗಳನ್ನು ತುದಿಯ ಮೆತ್ತಗಿನ ತೂತಿಗೇ ಸಿಕ್ಕಿಸಿ. ತೋಳಿನ ಉದ್ದ 250ರಿಂದ 230 ಮಿಲಿಮೀಟರಿಗೆ ಇಳಿದರೇ ಬಿಗಿ ಶೇ. 18ರಷ್ಟು ಏರುತ್ತದೆ, ಆದ್ದರಿಂದ ಎರಡನೆಯ ತೂತಿನ ಅವಸರ ಬೇಡ. ಒಂದು ಮಳೆಗಾಲ ಓಡಿಸಿ, ಒದ್ದೆ ರಸ್ತೆಯಲ್ಲಿ ಹಿಂಬದಿ ಹೇಗೆ ನಡೆದುಕೊಳ್ಳುತ್ತದೆ ನೋಡಿ ಆಮೇಲೆ ತೀರ್ಮಾನಿಸಿ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮೊದಲಿಗಿಂತ ತಲೆ ಅತ್ತಿತ್ತ ಹೆಚ್ಚು ಅಲ್ಲಾಡುತ್ತದೆ. ಅದು ದೋಷವಲ್ಲ, ಬಿಗಿ ಬಾರಿಗೆ ಕೊಡಬೇಕಾದ ಬೆಲೆ. ಮೂರನೆಯ ಸಾಲಿನ ಮಕ್ಕಳಿಗೆ ಅದು ಒಪ್ಪಿಗೆಯಾಗದಿದ್ದರೆ ಮತ್ತೆ ಹಾಕಿಕೊಳ್ಳಲೆಂದು ಹಳೆಯ 22ರ ಬಾರನ್ನು ಎಸೆಯದೆ ಇಟ್ಟುಕೊಂಡಿರಿ.

ಐದುನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಕೆಳಗೆ ತೂರಿ ಬೋಲ್ಟ್‌ಗಳ ಬಿಗಿ ನೋಡಿ. ಬಾರನ್ನು ಹಿಡಿದಿರುವ ಬ್ರಾಕೆಟ್‌ಗಳ ಬೆಸುಗೆಯ ಸುತ್ತ ಬಣ್ಣ ಬಿರಿದಿದೆಯೇ ಎಂದೂ ಟಾರ್ಚ್ ಹಾಕಿ ನೋಡಿ. ಬಾರ್ ದಪ್ಪವಾದಾಗ ಹೆಚ್ಚಿನ ಪೆಟ್ಟು ಬೀಳುವುದು ಅಲ್ಲಿಗೇ.